ಎರಡನೆಯ ಗುಂಡು ಏಳದ ಪಿಸ್ತೂಲು

ರಿಪೇರಿ ಅಂಗಡಿಯಲ್ಲಿ ಕುಳಿತವನಿಗೆ ನಗುವಿಗೆ ಬರಗಾಲ ಇಲ್ಲ. ಹಾಳಾದ ವಸ್ತು ಪಾಪ, ಸುಮ್ಮನೆ ಬಿದ್ದಿರುತ್ತದೆ. ಅದನ್ನು ಹಿಡಿದುಕೊಂಡು ಬರುವವರು, ಅದು ಯಾಕೆ ಹಾಳಾಯಿತೆಂದು ಆಣೆ ಹಾಕಿ ಹೇಳುವವರು, ಬಿಚ್ಚಿ ಇನ್ನಷ್ಟು ಹಾಳು ಮಾಡುವ ನಮ್ಮಂಥವರು, ಇಷ್ಟು ಜನ ಒಂದೇ ಬೆಂಚಿನ ಸುತ್ತ ಸೇರಿದರೆ ವಾರಕ್ಕೊಂದಾದರೂ ಆಗಿಯೇ ಆಗುತ್ತದೆ.

ನಾನು ಶಾಲೆಗೆ ದಶಮಾಂಶ ಬಂದ ದಿನ ಅಲ್ಲಿಂದ ಹೊರಗೆ ಬಂದವನು. ಆಮೇಲೆ ಕಾರ್ಕಳ ಲೈನಿನ ಬಸ್ಸಿನಲ್ಲಿ ಕ್ಲೀನರ್ ಆದೆ, ಬೊಂಬಾಯಿಯ ಹೋಟೆಲಿನಲ್ಲಿ ದೋಸೆ ಹೊಯ್ದೆ, ಟೆಂಟು ಸಿನೆಮಾದವರ ಜತೆ ಊರೂರು ತಿರುಗಿದೆ. ಎಲ್ಲಿಯೂ ಮೂರು ತಿಂಗಳಿಗಿಂತ ಹೆಚ್ಚು ನಿಂತರೆ ಅಂಗಾಲು ತುರಿಸಲಿಕ್ಕೆ ಶುರುವಾಗುತ್ತಿತ್ತು. ಹೀಗೆ ತಿರುಗಿ ತಿರುಗಿ ಉಡುಪಿಯಲ್ಲಿ ಒಬ್ಬರು ಆಚಾರ್ರ ಕೋವಿ ರಿಪೇರಿ ಅಂಗಡಿಗೆ ಸೇರಿದೆ. ನಾವಿನ್ನೂ ಮದ್ರಾಸ್ ರಾಜ್ಯದಲ್ಲಿದ್ದ ಕಾಲ ಅದು. ಕೋವಿಯ ಕೆಲಸ ಇಲ್ಲದ ದಿನ ಹೊಲಿಗೆ ಮೆಷಿನು, ಗ್ಯಾಸ್‌ಲೈಟು, ಯಾವುದು ಬಂದರೆ ಅದು. ಆಶ್ಚರ್ಯವೆಂದರೆ ಅಲ್ಲಿ ಅಂಗಾಲು ತುರಿಸಲಿಲ್ಲ. ಆ ಕೆಲಸ ನನಗೆ ಹಿಡಿಸಿತ್ತು. ಅದು ಕೈಬಿಟ್ಟು ಹೋಗುವ ಹಂತಕ್ಕೆ ಬಂದದ್ದು ಒಂದು ಪಿಸ್ತೂಲಿನಿಂದ. ಇಲ್ಲಿ ಬರುವ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಬರೆಯುವಾಗ ಕನ್ನಡ ಮಾಡಿದ್ದೇನೆ, ಕೊನೆಯ ಲೆಕ್ಕವೊಂದನ್ನು ಬಿಟ್ಟು.

೧. ಎಲೆಯಡಿಕೆಯ ಪೆಟ್ಟಿಗೆ

ಒಂದು ಬೆಳಿಗ್ಗೆ ಕಾರ್ಕಳದ ಹತ್ತಿರದ ಕುಕ್ಕುಂದೂರಿನ ಒಂದು ಗುತ್ತಿನ ಮನೆಯ, ಎಂದರೆ ಊರಿಗೆ ದೊಡ್ಡ ಮನೆತನದ, ಯಜಮಾನರು ಬಸ್ಸಿಳಿದು ನೇರ ನಮ್ಮ ಅಂಗಡಿಗೆ ಬಂದರು. ಕಂಕುಳಲ್ಲಿ ಹಿತ್ತಾಳೆಯ ಎಲೆಯಡಿಕೆ ಪೆಟ್ಟಿಗೆ. ಮುಖ ಮಾತ್ರ ಕೆಂಡ.

"ಆಚಾರ್ರೇ, ಇಂದು ನನ್ನ ಮಾನ ಹೋಯಿತು" ಎಂದರು.

ಆದದ್ದಿಷ್ಟು. ಪಿಸ್ತೂಲನ್ನು ಬಸ್ಸಿನಲ್ಲಿ ತೋರಿಸಿಕೊಂಡು ಬರುವುದು ಚೆನ್ನಾಗಿರುವುದಿಲ್ಲ ಎಂದು ಅವರು ಅದನ್ನು ಎಲೆಯಡಿಕೆ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಪಕ್ಕದಲ್ಲಿ ಕುಳಿತ ಮುದುಕರೊಬ್ಬರು "ಒಡೆಯರೇ, ಒಂದು ಎಲೆ ಕೊಡುತ್ತೀರಾ?" ಎಂದು ಕೈ ಚಾಚಿದರು. ಇವರು "ಇಲ್ಲ" ಎಂದರು. ನಮ್ಮ ಕಡೆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಎಲೆ ಇಲ್ಲ ಎನ್ನುವುದೆಂದರೆ ಬಾವಿಯ ಕಟ್ಟೆಯಲ್ಲಿ ಕುಳಿತು ನೀರಿಲ್ಲ ಎಂದ ಹಾಗೆ. ಹಿರಿಯಡ್ಕದಲ್ಲಿ ಹತ್ತಿದವರಿಗೂ ಸುದ್ದಿ ಮುಟ್ಟಿತು. ಉಡುಪಿ ಮುಟ್ಟುವಷ್ಟರಲ್ಲಿ ಆ ಗುತ್ತಿನ ಮನೆ ಮುಳುಗಿತೆಂದು ಇಡೀ ಬಸ್ಸು ತೀರ್ಮಾನ ಮಾಡಿಯಾಗಿತ್ತು.

ಪೆಟ್ಟಿಗೆ ತೆರೆದರು. ಹೊಚ್ಚ ಹೊಸ ಬೆಲ್ಜಿಯಂ ಪಿಸ್ತೂಲು, ಮದ್ರಾಸಿನಿಂದ ತರಿಸಿದ್ದು. ಹಿಡಿಯ ಒಳಗೆ ಉದ್ದನೆಯ ತಗಡಿನ ಡಬ್ಬಿಯೊಂದು ಕೂರುತ್ತದೆ. ಅದಕ್ಕೆ ಮ್ಯಾಗಜೀನ್ ಎನ್ನುತ್ತಾರೆ. ಅದರಲ್ಲಿ ಎಂಟು ಗುಂಡು ಒಂದರ ಮೇಲೊಂದು, ತಳದಲ್ಲಿ ಸ್ಪ್ರಿಂಗು. ಒಂದು ಗುಂಡು ಹಾರಿದ ಕೂಡಲೇ ಸ್ಪ್ರಿಂಗು ಮುಂದಿನದನ್ನು ಮೇಲಕ್ಕೆ ತಳ್ಳಬೇಕು.

"ಮೊದಲನೆಯದು ಹಾರುತ್ತದೆ" ಎಂದರು ಯಜಮಾನರು. "ಎರಡನೆಯದು ಮೇಲೆ ಏಳಲಿಕ್ಕೇ ಕೇಳುವುದಿಲ್ಲ. ಕಾಪುವಿನಿಂದ ಕೋಳಿ ಅಂಕಕ್ಕೆ ಬಂದ ನನ್ನ ಭಾವನ ಎದುರೇ ಬೆಳಿಗ್ಗೆ ಬೆಳಿಗ್ಗೆ ಹೀಗಾಯಿತು. ನೂರು ಜನ ಸೇರಿದ್ದರು. ಒಂದು ಢಂ, ಆಮೇಲೆ ಟಿಕ್. ಭಾವ ಎಂತ ಹೇಳಿದರು ಗೊತ್ತುಂಟಾ? 'ಭಾವಾ, ಉಳಿದ ಏಳು ಬರುವ ವರ್ಷಕ್ಕಾ?'"

ಯಜಮಾನರಿಗೆ ಸಿಟ್ಟು ಬಂದು ಅಲ್ಲೇ ಮಾತು ಕೊಟ್ಟುಬಿಟ್ಟಿದ್ದರು. ಸಂಕ್ರಾಂತಿಯ ಮರುದಿನ ಎಂಟನ್ನೂ ಸಾಲಾಗಿ ಹಾರಿಸುವುದು. ನಡುವೆ ಒಂದು ನಿಂತರೂ ಪಿಸ್ತೂಲನ್ನು ಮದ್ರಾಸಿಗೆ ವಾಪಸು ಕಳುಹಿಸಿ, ಭಾವನ ಹಳೆಯ ಜೋಡುನಳಿಗೆಯ ಕೋವಿಗೆ ಎಲ್ಲರ ಎದುರು ಕೈಮುಗಿಯುವುದು.

ಆಚಾರ್ರು ಪಿಸ್ತೂಲನ್ನು ಕೈಗೆ ತೆಗೆದುಕೊಂಡರು. ನಳಿಗೆಯ ಬಾಯಿಂದ ಮದ್ದು ತುಂಬಿಸುವ ಕೇಪಿನ ಕೋವಿಗಳನ್ನು ಮೂವತ್ತು ವರ್ಷ ರಿಪೇರಿ ಮಾಡಿದ ಕೈ. ಇಂಥದ್ದನ್ನು ಅವರು ಕಂಡದ್ದು ಅದೇ ಮೊದಲು. ಹಿಂದೆ ನೋಡಿದರು, ಮುಂದೆ ನೋಡಿದರು, ಗಂಭೀರವಾಗಿ ಕೇಳಿದರು:

"ಇದಕ್ಕೆ ಮದ್ದು ಎಲ್ಲಿ ತುಂಬಿಸುವುದು?"

ಯಜಮಾನರ ಬಾಯಿ ತೆರೆದೇ ಉಳಿಯಿತು. ಆಚಾರ್ರು ಒಂದು ಕ್ಷಣವೂ ತಡಮಾಡಲಿಲ್ಲ.

"ಅಂದರೆ, ನೀವು ಎಲ್ಲಿ ತುಂಬಿಸುತ್ತಿದ್ದೀರಿ ಅಂತ ಕೇಳಿದೆ. ಕೆಲವರು ತಪ್ಪು ಜಾಗದಲ್ಲಿ ತುಂಬಿಸಿ ನಮ್ಮ ಹತ್ತಿರ ಬರುವುದುಂಟು."

೨. ಮಣಿಪಾಲದ ಕೋರೆಯಲ್ಲಿ

ಆಚಾರ್ರು ಪಿಸ್ತೂಲನ್ನು ಒರೆಸಿ, ಎಣ್ಣೆ ಬಿಟ್ಟು, ಸ್ಪ್ರಿಂಗನ್ನು ಎರಡು ಸಲ ಅದುಮಿ ನೋಡಿ, "ಹಾರಿಸಿ ನೋಡದೆ ಹೇಳಲಿಕ್ಕಾಗುವುದಿಲ್ಲ" ಎಂದರು. ಪೇಟೆಯ ನಡುವೆ ಹಾರಿಸುವ ಹಾಗಿಲ್ಲ. ಮೂವರೂ ಮಣಿಪಾಲದ ಗುಡ್ಡಕ್ಕೆ ಹೋದೆವು. ಆಗ ಅಲ್ಲಿ ಇದ್ದದ್ದು ಮುರಕಲ್ಲು, ಮುಳಿಹುಲ್ಲು, ಕಟ್ಟುತ್ತಾ ಇದ್ದ ಕೆಲವು ಕಟ್ಟಡ, ಡಾಕ್ಟರಿಕೆ ಕಲಿಯಲು ಬಂದ ಪರವೂರ ಹುಡುಗರು. ಕೆಲಸ ನಿಂತ ಒಂದು ಕಲ್ಲಿನ ಕೋರೆಗೆ ಇಳಿದಾಗ ಮಧ್ಯಾಹ್ನ ಹನ್ನೆರಡೂವರೆ. ಬಂಡೆಯ ಮೇಲೆ ಹಪ್ಪಳ ಇಟ್ಟರೆ ಸುಟ್ಟುಕೊಳ್ಳುವಂಥ ಬಿಸಿಲು.

ಯಜಮಾನರು ಕೋರೆಯ ಗೋಡೆಗೆ ಗುರಿ ಹಿಡಿದು ಕಣ್ಣು ಮುಚ್ಚಿದರು. ಢಂ. ನಾವು ಟಿಕ್ ಕೇಳಲು ಕಿವಿ ಕೊಟ್ಟೆವು. ಟಿಕ್ ಇಲ್ಲ. ಢಂ, ಢಂ, ಢಂ... ಎಂಟೂ ಹಾರಿತು.

ಸರಿಯಾಯಿತೆಂದು ಸಂತೋಷಪಡಬೇಕಲ್ಲ? ಯಜಮಾನರ ಮುಖ ಇಳಿದುಹೋಯಿತು.

"ಇದು ನನ್ನನ್ನು ಸುಳ್ಳುಗಾರ ಮಾಡಲಿಕ್ಕೇ ಹುಟ್ಟಿದ್ದು. ಮನೆಯಲ್ಲಿ ಜ್ವರ ಬಂದು ಏಳದ ಮಗು ಡಾಕ್ಟರರ ಎದುರು ಕುಣಿಯುವುದಿಲ್ಲವಾ, ಹಾಗೆ."

"ಎಂತ ಆಯ್ತು? ಯಾರಿಗೆ ಜ್ವರ?" ಎಂದು ಮೇಲಿನಿಂದ ಒಂದು ಸ್ವರ ಬಂತು. ಸದ್ದು ಕೇಳಿ ಡಾಕ್ಟರಿಕೆಯ ಹುಡುಗನೊಬ್ಬ, ನಮ್ಮ ಕಡೆಯವನೇ, ಓಡಿ ಬಂದಿದ್ದ. ಬಿಳಿ ಕೋಟು ಹೊಸದು, ಹುಮ್ಮಸ್ಸು ಅದಕ್ಕಿಂತ ಹೊಸದು. ಯಾರಿಗೂ ಗಾಯವಾಗಿಲ್ಲ ಎಂದು ತಿಳಿದು ಅವನಿಗೆ ಸ್ವಲ್ಪ ಬೇಸರವೇ ಆಯಿತು. ಯಜಮಾನರು ರೋಗ ವಿವರಿಸಿದರು: ಒಂದು ಗುಂಡು ಹೋಗುತ್ತದೆ, ಎರಡನೆಯದು ಮೇಲೆ ಬರುವುದಿಲ್ಲ.

ಹುಡುಗ ಕೈಕಟ್ಟಿ, ತಲೆ ವಾಲಿಸಿ, ಬಹಳ ದೊಡ್ಡ ಡಾಕ್ಟರರ ಹಾಗೆ ಕೇಳಿದ: "ಇದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಾ, ಊಟ ಆದ ಮೇಲಾ?"

ಕೋರೆ ಪ್ರತಿಧ್ವನಿಸುವಷ್ಟು ನಕ್ಕೆವು. ಆಚಾರ್ರಂತೂ ವಾಪಸು ಬರುವ ದಾರಿಯಲ್ಲೆಲ್ಲ ನೆನೆಸಿ ನೆನೆಸಿ ನಕ್ಕರು. ಅವತ್ತು ನಮ್ಮೊಳಗೆ ಬುದ್ಧಿವಂತಿಕೆಯ ಪ್ರಶ್ನೆ ಕೇಳಿದವನು ಅವನೊಬ್ಬನೇ ಎಂದು ಗೊತ್ತಾಗಲು ನಮಗೆ ಒಂದು ತಿಂಗಳು ಬೇಕಾಯಿತು.

೩. ಬರ್ಮಾದ ಚಿಕಿತ್ಸೆ

ನಾಲ್ಕು ದಿನದಲ್ಲಿ ಕುಕ್ಕುಂದೂರಿನಿಂದ ಒಂದು ಕಾರ್ಡು ಬಂತು. "ಬೆಳಿಗ್ಗೆ ಅಂಗಳದಲ್ಲಿ ಹಾರಿಸಿದೆ. ಪುನಃ ಅದೇ ರಾಗ. ಆದರೆ ಚಿಂತೆ ಬೇಡ, ಕಾರಣ ಸಿಕ್ಕಿದೆ."

ಕಾರಣ ಕಂಡುಹಿಡಿದವರು ಪಕ್ಕದ ಮನೆಯ ಪೊರ್ಬುಗಳು. ಕೊಂಕಣಿ ಮಾತಾಡುವ ಕ್ರೈಸ್ತರನ್ನು ನಮ್ಮಲ್ಲಿ ಮರ್ಯಾದೆಗೆ ಹಾಗೆ ಕರೆಯುವುದು. ಇವರೊಬ್ಬರು ಮಿಲಿಟರಿಯಲ್ಲಿ ಹವಾಲ್ದಾರರಾಗಿ ಬರ್ಮಾ ಕಂಡು ಬಂದವರು. ಊರಿನಲ್ಲಿ ಯಾವ ಸಮಸ್ಯೆ ಎದ್ದರೂ, ಅದು ಹಸುವಿನ ಕಾಲುಬಾಯಿ ಜ್ವರವಾದರೂ ಸರಿ, ಅವರ ಉತ್ತರ "ಬರ್ಮಾದಲ್ಲಿ ನಾವು" ಎಂದೇ ಶುರುವಾಗುತ್ತಿತ್ತು.

"ಶೆಟ್ರೇ, ಪಿಸ್ತೂಲಿನಲ್ಲಿ ಎಂತ ದೋಷವೂ ಇಲ್ಲ" ಎಂದರಂತೆ ಅವರು ಯಜಮಾನರಿಗೆ. "ದೋಷ ನಿಮ್ಮ ಮಣಿಕಟ್ಟಿನಲ್ಲಿ ಉಂಟು. ಜಾರುವ ಮೀನು ಹಿಡಿದ ಹಾಗೆ ಹಿಡಿಯುತ್ತೀರಿ. ಕೈ ಸಡಿಲವಾದರೆ ಮುಂದಿನ ಗುಂಡು ಮೇಲೆ ಬರುವುದಿಲ್ಲ. ಬರ್ಮಾದಲ್ಲಿ ನಾವು ಎಷ್ಟು ಮಂದಿಯನ್ನು ಸರಿಮಾಡಿದ್ದೇವೆ!"

ಹಾಗೆ ಆಗುವುದುಂಟು, ಮಾತು ಪೂರ್ತಿ ಸುಳ್ಳಲ್ಲ. ಆದರೆ ಚಿಕಿತ್ಸೆ ಮಾತ್ರ ಪೂರ್ತಿ ಬರ್ಮಾದ್ದು. ತುಂಬಿದ ಕೊಡಪಾನವನ್ನು ಬಲಗೈಯಲ್ಲಿ ಮುಂದಕ್ಕೆ ಚಾಚಿ ಹಿಡಿದುಕೊಂಡು ಬಾವಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಬಾವಿಗೆ, ದಿನಕ್ಕೆ ಇಪ್ಪತ್ತು ಸಲ. ಪೊರ್ಬುಗಳು ಪಾಗಾರದ ಗೋಡೆಯ ಮೇಲೆ ಕುಳಿತು "ಲೆಫ್ಟ್, ರೈಟ್" ಹೇಳುವುದು. ಗುತ್ತಿನ ಯಜಮಾನರು ನೀರು ಹೊರುವುದನ್ನು ನೋಡಲು ಆಳುಗಳು ಕೆಲಸ ಬಿಟ್ಟು ಸಾಲಾಗಿ ನಿಲ್ಲುತ್ತಿದ್ದರಂತೆ.

ಒಂದು ವಾರ ಕಳೆದು ಇನ್ನೊಂದು ಕಾರ್ಡು ಬಂತು. ಅಕ್ಷರಗಳು ಒಂದೊಂದು ಒಂದೊಂದು ದಿಕ್ಕಿಗೆ ಬಿದ್ದಿದ್ದವು. ಎಡಗೈಯಲ್ಲಿ ಬರೆದದ್ದು.

"ಆಚಾರ್ರೇ, ಬಲಗೈ ಬಾತಿದೆ, ಬೆರಳು ಮಡಿಸಲಿಕ್ಕಾಗುವುದಿಲ್ಲ. ಮೊದಲಾದರೆ ಒಂದು ಗುಂಡಾದರೂ ಹಾರುತ್ತಿತ್ತು. ಪೊರ್ಬುಗಳ ಚಿಕಿತ್ಸೆಯ ನಂತರ ಅದೂ ಇಲ್ಲ."

೪. ಕಾಪುವಿನ ಊಟ

ಸಂಕ್ರಾಂತಿಗೆ ಐದಾರು ದಿನ ಇರುವಾಗ ಆಚಾರ್ರು ನನ್ನನ್ನು ಕಾಪುವಿಗೆ ಕಳುಹಿಸಿದರು. ಅಲ್ಲಿಯವರೊಬ್ಬರ ಜೋಡುನಳಿಗೆಯ ಕೋವಿ ರಿಪೇರಿಗೆ ಬಂದದ್ದು, ಕಾಗದಪತ್ರ ಸಮೇತ ಮುಟ್ಟಿಸಿ ಬರಬೇಕಿತ್ತು. ಉದ್ಯಾವರದ ಸೇತುವೆಯ ಹತ್ತಿರ ಬಸ್ಸು ಕೆಟ್ಟು, ನಾನು ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ. ಹೊಟ್ಟೆಯಲ್ಲಿ ಏನೂ ಇಲ್ಲ.

ಕೋವಿಯ ಧನಿಗಳು ದಪ್ಪನೆಯ, ಗಟ್ಟಿ ನಗುವಿನ ಮನುಷ್ಯರು. "ಊಟ ಆಗದೆ ಹೋಗುವುದುಂಟಾ ಮಾರಾಯ? ಕೂತುಕೋ" ಎಂದು ಚಾವಡಿಯಲ್ಲೇ ಎಲೆ ಹಾಕಿಸಿದರು. ಕೋರಿ ರೊಟ್ಟಿ. ಗರಿಗರಿ ರೊಟ್ಟಿಯ ಮೇಲೆ ಕೋಳಿಸಾರು ಹೊಯ್ಯುವ ಸದ್ದು ಕೇಳಿದರೆ ನನಗೆ ಬೇರೆ ಯಾವ ಸದ್ದೂ ಕೇಳಿಸುವುದಿಲ್ಲ.

"ಅಂಗಡಿಗೆ ಹೊಸ ಸಾಮಾನು ಎಂತ ಬಂದಿದೆ?" ಎಂದು ಕೇಳಿದರು.

ಒಂದನೆಯ ಸಲ ಸಾರು ಬಡಿಸಿದಾಗ ನಾನು ಪಿಸ್ತೂಲು ಬಂದ ಸಂಗತಿ ಹೇಳಿದೆ. ಎರಡನೆಯ ಸಲಕ್ಕೆ ಎಲೆಯಡಿಕೆ ಪೆಟ್ಟಿಗೆ, ಬಸ್ಸು, ಆಚಾರ್ರು ಮದ್ದಿನ ಜಾಗ ಕೇಳಿದ್ದು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ಚೆನ್ನಾಗಿ ಕೇಳುವವರು ಸಿಕ್ಕಿದರೆ ಬಿಡುವುದು ಹೇಗೆ? ಮೂರನೆಯ ಸಲಕ್ಕೆ ಕೊಡಪಾನದ ಕವಾಯತು, ಎಡಗೈಯ ಕಾರ್ಡು ಎಲ್ಲ ಬಂತು.

"ಒಟ್ಟಾರೆ ಅವರು ಬೆಳಿಗ್ಗೆ ಹಾರಿಸಿದರೆ ನಿಲ್ಲುತ್ತದೆ, ನಾವು ಮಧ್ಯಾಹ್ನ ಹಾರಿಸಿದರೆ ಓಡುತ್ತದೆ. ಒಂದು ಕಥೆಯೇ ಅದು!" ಎಂದೆ.

ಅವರ ನಗು ಸ್ವಲ್ಪ ನಿಂತಿತು. "ಬೆಳಿಗ್ಗೆ ನಿಲ್ಲುತ್ತದೆ, ಹೌದಾ?" ಎಂದರು. ನನ್ನ ಎಲೆಗೆ ಇನ್ನೊಂದು ಕೋಳಿಯ ಕಾಲು ಬಿತ್ತು.

ಹೊರಡುವಾಗ ಹೇಳಿದರು: "ನಿಮ್ಮ ಆಚಾರ್ರಿಗೆ ಒಂದು ಮಾತು ಹೇಳು. ಸಂಕ್ರಾಂತಿಯ ಮರುದಿನ ನಾನು ಬೆಳಿಗ್ಗೆ ಆರೂವರೆಗೇ ಕುಕ್ಕುಂದೂರಿನಲ್ಲಿ ಇರುತ್ತೇನೆ. ಮಧ್ಯಾಹ್ನದವರೆಗೆ ಕಾಯುವುದಿಲ್ಲ."

ಉಡುಪಿಗೆ ಬಂದು ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಆಚಾರ್ರ ಕೈಯ ಅರ ನೆಲಕ್ಕೆ ಬಿತ್ತು.

"ಅವರು ಯಾರು ಅಂತ ಗೊತ್ತುಂಟಾ ನಿನಗೆ?"

"ಒಳ್ಳೆಯ ಜನ. ಮೂರು ಸಲ ಬಡಿಸಿದರು."

"ಅವರೇ ಯಜಮಾನರ ಭಾವ!"

ಆಚಾರ್ರು ಬಗ್ಗಿ ಅರವನ್ನು ಹೆಕ್ಕಿ ಬೆಂಚಿನ ಮೇಲಿಟ್ಟರು. ಆಮೇಲೆ ಬಹಳ ಶಾಂತವಾಗಿ ಹೇಳಿದರು: "ಸಂಕ್ರಾಂತಿಯ ದಿನ ನೀನು ಕುಕ್ಕುಂದೂರಿಗೆ ಹೋಗು. ಮರುದಿನ ಎಂಟನೆಯ ಗುಂಡು ಹಾರಿದರೆ ವಾಪಸು ಅಂಗಡಿಗೆ ಬಾ. ಹಾರದಿದ್ದರೆ ಕಾಪುವಿಗೆ ಹೋಗಿ ಅಲ್ಲೇ ಊಟಕ್ಕೆ ನಿಲ್ಲು."

೫. ದೇವರ ಕೋಣೆಯಲ್ಲಿದ್ದದ್ದು

ಸಂಕ್ರಾಂತಿಯ ಸಂಜೆ ಕುಕ್ಕುಂದೂರು ಮುಟ್ಟಿದೆ. ಯಜಮಾನರ ಕೈಯ ಬಾವು ಇಳಿದಿತ್ತು. ಪಿಸ್ತೂಲನ್ನು ಬಿಚ್ಚಿ ನೋಡಿದೆ. ಎಲ್ಲ ನುಣ್ಣಗೆ ಜಾರುತ್ತಿತ್ತು. ಸ್ಪ್ರಿಂಗು ಗಟ್ಟಿ, ತಗಡು ನೆಟ್ಟಗೆ. ಎಲ್ಲೂ ಕುಂದಿಲ್ಲ. ಯಜಮಾನರ ತಾಯಿ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಹೋಗಿ ದೇವರ ಕೋಣೆಯಲ್ಲಿಟ್ಟರು. ನಾನು ಚಾವಡಿಯಲ್ಲಿ ಮಲಗಿ, ಬೊಂಬಾಯಿಯ ಹೋಟೆಲಿನವರು ಪುನಃ ಸೇರಿಸಿಕೊಳ್ಳುತ್ತಾರಾ ಎಂದು ಯೋಚಿಸಿದೆ.

ಬೆಳಿಗ್ಗೆ ಐದೂವರೆಗೆ ಎದ್ದು ಮಾವಿನೆಲೆಯಲ್ಲಿ ಹಲ್ಲುಜ್ಜುತ್ತಾ ಬಚ್ಚಲಿನ ಕಡೆ ಹೋದೆ. ಕಾರ್ಕಳದ ಜನವರಿಯ ಬೆಳಗು, ನೆಲ ತಣ್ಣಗೆ ಕೊರೆಯುತ್ತಿತ್ತು. ಯಜಮಾನರ ತಾಯಿ ಬಿಸಿನೀರಿನ ಹಂಡೆಗೆ ಒಂದು ಶೀಶೆಯನ್ನು ಒತ್ತಿ ಹಿಡಿದುಕೊಂಡು ಬೈಯುತ್ತಿದ್ದರು.

"ಹಾಳು ಚಳಿ! ತಲೆಗೆ ಹಾಕಲಿಕ್ಕೆ ನಾಲ್ಕು ತೊಟ್ಟು ಎಣ್ಣೆ ಬೇಕಾದರೂ ಇದಕ್ಕೆ ಬೆಂಕಿ ಕಾಯಿಸಬೇಕು."

ಶೀಶೆಯೊಳಗೆ ತೆಂಗಿನೆಣ್ಣೆ ಮೇಣದ ಹಾಗೆ ಬೆಳ್ಳಗೆ ಗಟ್ಟಿಯಾಗಿ ಕುಳಿತಿತ್ತು.

ಬಾಯಿಯ ಮಾವಿನೆಲೆ ಉಗುಳಿ ಒಳಗೆ ಓಡಿದೆ. ಪಿಸ್ತೂಲು ತರಿಸಿ ಮ್ಯಾಗಜೀನ್ ಎಳೆದೆ. ಒಳಗೆ ಬೆಣ್ಣೆ ತುಂಬಿಸಿದ ಹಾಗೆ! ಸಂಜೆ ನುಣ್ಣಗೆ ಜಾರುತ್ತಿದ್ದ ಸ್ಪ್ರಿಂಗು ಈಗ ಅದರೊಳಗೆ ಹೂತು, ಮುದುಕ ಮೆಟ್ಟಿಲು ಹತ್ತಿದ ಹಾಗೆ ನಿಧಾನಕ್ಕೆ ಮೇಲೆ ಬರುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಕರಗಿದರೆ ಕೆಲಸ ಸಲೀಸು. ಬೆಳಗ್ಗಿನ ತಂಪಿಗೆ ಹೆಪ್ಪುಗಟ್ಟಿದರೆ ಗುಂಡು ಎಲ್ಲಿಂದ ಏಳಬೇಕು? ಮಣಿಪಾಲದ ಆ ಹುಡುಗ ಕೇಳಿದ್ದು ಇದನ್ನೇ.

"ಇದಕ್ಕೆ ತೆಂಗಿನೆಣ್ಣೆ ಹಾಕಿದವರು ಯಾರು?" ಎಂದೆ.

"ನಾನು" ಎಂದರು ತಾಯಿ. "ದಿನಾ ದೀಪ ಹಚ್ಚುವಾಗ ಅದಕ್ಕೂ ನಾಲ್ಕು ತೊಟ್ಟು. ದೇವರ ಕೋಣೆಯಲ್ಲಿ ಇಟ್ಟ ವಸ್ತುವನ್ನು ಒಣಗಲು ಬಿಡುವುದುಂಟಾ?"

ಯಜಮಾನರು ತಲೆ ಕೆರೆದುಕೊಂಡರು. "ಮಲಗುವ ಮೊದಲು ನಾನೂ ಸ್ವಲ್ಪ... ತುಕ್ಕು ಹಿಡಿಯಬಾರದಲ್ಲ."

ಪಾಗಾರದ ಆಚೆಯಿಂದ ಪೊರ್ಬುಗಳ ಸ್ವರ ಬಂತು: "ಮೊನ್ನೆ ನಾನೂ ಹಾಕಿದ್ದೇನೆ ಶೆಟ್ರೇ. ಒಣಗಿದ ಹಾಗೆ ಕಂಡಿತು."

ನಾನು ಮಾತ್ರ ಬಾಯಿ ಬಿಡಲಿಲ್ಲ. ಆಚಾರ್ರು ಅಂಗಡಿಯಲ್ಲಿ ಬಿಟ್ಟದ್ದೂ ಅದನ್ನೇ. ನಮ್ಮಲ್ಲಿ ಕೇಪಿನ ಕೋವಿಗೆ, ಹೊಲಿಗೆ ಮೆಷಿನಿಗೆ, ಆಚಾರ್ರ ಸೊಂಟನೋವಿಗೆ ಒಂದೇ ಶೀಶೆ.

ಗಂಟೆ ಆರು. ಒಂದು ಬೋಗುಣಿಯಲ್ಲಿ ಚಿಮಿಣಿ ಎಣ್ಣೆ ತರಿಸಿ ಮ್ಯಾಗಜೀನ್, ಸ್ಪ್ರಿಂಗು ಎಲ್ಲವನ್ನೂ ಅದರಲ್ಲಿ ಮುಳುಗಿಸಿ ತಿಕ್ಕಿದೆ. ಗುಂಡುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿದೆ. ಗೇಟಿನ ಹತ್ತಿರ ಕಾರಿನ ಸದ್ದು ಕೇಳುವಾಗ ಸ್ಪ್ರಿಂಗು ಇನ್ನೂ ನನ್ನ ಕೈಯಲ್ಲೇ ಇತ್ತು.

ತಾಯಿ ಬೋಗುಣಿಯ ಪಕ್ಕ ನಿಂತು ಕಣ್ಣಿಗೆ ಸೆರಗು ಒತ್ತಿಕೊಂಡರು. "ಎರಡು ತಿಂಗಳು ಎಣ್ಣೆ ಹಚ್ಚಿ ಸಾಕಿದ್ದು. ಈ ಚಳಿಯಲ್ಲಿ ಹೀಗೆ ಮೀಯಿಸುತ್ತಾ ಇದ್ದೀಯಲ್ಲ, ಅದಕ್ಕೆ ಶೀತ ಆಗುವುದಿಲ್ಲವಾ?"

೬. ಎಂಟು

ಭಾವ ಒಬ್ಬರೇ ಬಂದಿರಲಿಲ್ಲ. ಒಂದು ಕಾರಿನಲ್ಲಿ ಎಷ್ಟು ಜನ ಹಿಡಿಯುತ್ತಾರೋ ಅದಕ್ಕಿಂತ ನಾಲ್ಕು ಹೆಚ್ಚು. ನನ್ನನ್ನು ಕಂಡು "ಓಹೋ, ಊಟ ಜೀರ್ಣ ಆಯ್ತಾ?" ಎಂದು ಬೆನ್ನು ತಟ್ಟಿದರು. ನಾನು ನೆಲ ನೋಡಿದೆ.

ಮನೆಯ ಎದುರಿನ ಕೊಯ್ದ ಗದ್ದೆಯ ಆಚೆಗೆ ಎತ್ತರದ ಮಣ್ಣಿನ ದರೆ. ಅದರ ಬುಡದಲ್ಲಿ ಒಂದು ಮುರಕಲ್ಲು, ಕಲ್ಲಿನ ಮೇಲೆ ಗುರಿಗೆಂದು ಒಂದು ಮಣ್ಣಿನ ಮಡಕೆ. ಊರಿನ ಅರ್ಧ ಜನ ಈಚೆಯ ಬದುವಿನಲ್ಲಿ ಸೇರಿದ್ದರು. ಭಾವ ಕುರ್ಚಿ ಹಾಕಿಸಿಕೊಂಡು, ಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

"ಭಾವಾ, ಚಳಿ ಉಂಟು. ನಿಮ್ಮ ಪಿಸ್ತೂಲಿಗೆ ಒಂದು ಕಂಬಳಿ ಬೇಕಾ?"

ಯಜಮಾನರು ಮಡಕೆಗೆ ಗುರಿ ಹಿಡಿದು ಕೈ ಚಾಚಿದರು. ಪೊರ್ಬುಗಳು ಹಿಂದಿನಿಂದ "ಮಣಿಕಟ್ಟು, ಮಣಿಕಟ್ಟು!" ಎಂದರು.

ಢಂ.

ಇಷ್ಟು ದಿನ ಎಲ್ಲ ನಿಂತದ್ದು ಇಲ್ಲಿಯೇ.

ಢಂ.

"ರಡ್ಡ್!" ಎಂದು ಯಾರೋ ಕೂಗಿದರು. ಎರಡನೆಯದು ಎದ್ದಿತ್ತು! ಅಲ್ಲಿಂದ ಮುಂದೆ ಗದ್ದೆಗೆ ಗದ್ದೆಯೇ ಲೆಕ್ಕ ಹೇಳಲಿಕ್ಕೆ ಶುರುಮಾಡಿತು. ಢಂ, "ಮೂಜಿ!" ಢಂ, "ನಾಲ್!" ಢಂ, "ಐನ್!" ಭಾವನ ಕಡೆಯವರೂ ಮರೆತು ಕೂಗುತ್ತಿದ್ದರು. ಆರು. ಏಳು. ಏಳಾದ ಮೇಲೆ ಯಜಮಾನರು ಒಂದು ಕ್ಷಣ ನಿಂತರು. ಆ ಕೊನೆಯ ಗುಂಡಿನ ಮೇಲೆ ಅವರ ಮಾನ, ನನ್ನ ಕೆಲಸ ಎರಡೂ ಕುಳಿತಿದ್ದವು. ನಾನು ಕಣ್ಣು ಮುಚ್ಚಿದೆ.

ಢಂ!

"ಎಣ್ಮ!" ಎಂದು ಇಡೀ ಗದ್ದೆ ಕುಣಿಯಿತು. ಪೊರ್ಬುಗಳು ಓಡಿ ಬಂದು ಯಜಮಾನರನ್ನು ತಬ್ಬಿಕೊಂಡು, "ಕೊಡಪಾನದ ಗುಣ, ನೋಡಿದಿರಾ!" ಎಂದರು. ಯಜಮಾನರು ಮೀಸೆಯ ಎರಡೂ ತುದಿಗೆ ಕೈಹಾಕಿದರು. ನಾನು ಅಲ್ಲೇ ಬದುವಿನಲ್ಲಿ ಕುಕ್ಕರಿಸಿದೆ. ಬೊಂಬಾಯಿಗೆ ಹೋಗಬೇಕಾಗಿಲ್ಲ.

ಭಾವ ಕುರ್ಚಿಯಿಂದ ಎದ್ದರು. "ಒಪ್ಪಿದೆ ಭಾವಾ. ಎಂಟಕ್ಕೆ ಎಂಟೂ ಹಾರಿತು. ನಿಮ್ಮ ಪಿಸ್ತೂಲಿನ ಮೇಲೆ ಇನ್ನು ನನ್ನ ಮಾತಿಲ್ಲ" ಎಂದು ಕೈಮುಗಿದರು. ಒಳ್ಳೆಯ ಮನುಷ್ಯರು ಎಂದು ನಾನು ಆಚಾರ್ರಿಗೆ ಹೇಳಿದ್ದು ಸುಳ್ಳಲ್ಲ. ಆಮೇಲೆ ಅವರು ಯಾರಿಗೂ ಏನೂ ಹೇಳದೆ ಗದ್ದೆ ದಾಟಿ ದರೆಯ ಬುಡಕ್ಕೆ ಹೋದರು. ಕಲ್ಲಿನ ಮೇಲಿದ್ದ ಮಡಕೆಯನ್ನು ಎತ್ತಿಕೊಂಡು ನಿಧಾನವಾಗಿ ವಾಪಸು ಬಂದರು.

ಮಡಕೆ ಇಡಿಯಾಗಿತ್ತು.

ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು, ಬಾಯಿಯೊಳಗೆ ಇಣುಕಿ ನೋಡಿದರು. ಒಂದು ಗೀರೂ ಇಲ್ಲ. ಇಷ್ಟು ದಿನ ಗುಂಡು ಏಳುತ್ತದಾ ಏಳುತ್ತದಾ ಎಂದು ಒದ್ದಾಡುವುದರಲ್ಲಿ, ಎದ್ದ ಗುಂಡು ಎಲ್ಲಿಗೆ ಹೋಗುತ್ತದೆಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಕುಣಿಯುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು. ಯಜಮಾನರ ಕೈ ಮೀಸೆಯಿಂದ ತಾನಾಗಿ ಕೆಳಗಿಳಿಯಿತು. ಭಾವ ಏನೋ ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ತಾಯಿ ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಅಳಿಯನ ಕೈಯಿಂದ ಮಡಕೆ ತೆಗೆದುಕೊಂಡು ಬೆರಳಿನ ಗೆಣ್ಣಿನಲ್ಲಿ ಟಣ್ ಟಣ್ ಎಂದು ಬಡಿದು ನೋಡಿದರು. ಅವರ ಮುಖ ಅರಳಿತು.

"ಇದು ಯಾವ ಕುಂಬಾರನದ್ದು ಮಗಾ? ಎಂಟು ಗುಂಡಿಗೂ ಬಿರುಕು ಬಿಡಲಿಲ್ಲ! ಅಡುಗೆಮನೆಗೆ ಇನ್ನೂ ನಾಲ್ಕು ತರಿಸು."